ಬೇಲಿ ಮೇಲಿನ ಅಮೃತಬಳ್ಳಿ

ಹಪ್ಪಳ ಸಂಡಿಗೆ ಒಣಗಲು ಇಡುವ ಹಾಗೆ ಅವ್ವ ನನ್ನನ್ನು ದಿನಾ ಬೆಳಿಗ್ಗೆ ತಾರಸಿಯ ಬಿಸಿಲಿಗೆ ಇಡುತ್ತಿದ್ದಳು. ಚಾಪೆ ಹಾಸಿ, ತಲೆಗೊಂದು ಟವೆಲ್ಲು ಸುತ್ತಿ, "ಬೆನ್ ಕೊಡು ಸೂರಪ್ಪಂಗೆ" ಎಂದು ಕೂರಿಸುವಳು. ತೆಂಗಿನಮರದ ನೆರಳು ಸರಿದು ಬಂದರೆ ಚಾಪೆಯನ್ನೂ ನನ್ನನ್ನೂ ಒಟ್ಟಿಗೆ ಎಳೆದು ಆಚೆಗೆ ಹಾಕುವಳು. ನನ್ನ ಹೊಟ್ಟೆಯ ಬಲಗಡೆ, ಚರ್ಮದ ಕೆಳಗೇ, ಅವಳ ಕಿಡ್ನಿ ಇತ್ತು. ಅದು ಬದುಕಬೇಕಿತ್ತು. ಪೂರಿಗಾಲಿಯ ನಮ್ಮ ಮನೆಯಲ್ಲಿ ಒಲೆ ಹೊತ್ತುತ್ತಿದ್ದದ್ದೂ, ಜಗಳ ನಿಲ್ಲುತ್ತಿದ್ದದ್ದೂ ಅದಕ್ಕಾಗಿಯೇ.

ನನ್ನ ಸ್ವಂತದ ಎರಡು ಕಿಡ್ನಿಗಳು ನಾನು ಮಳವಳ್ಳಿಯಲ್ಲಿ ಡಿಗ್ರಿ ಮುಗಿಸುವುದರೊಳಗೇ ಸೋತಿದ್ದವು. ಮಂಡ್ಯದಲ್ಲಿ ಡಯಾಲಿಸಿಸ್ ಶುರುವಾಯಿತು. ಮಿಷನ್ನಿಗೆ ಹೋಗುವ ನನ್ನ ರಕ್ತವನ್ನು ನೋಡುತ್ತಾ ನಾನು ಬೇರೆ ಯಾವುದೋ ಊರಿನ ರಾಜಕುಮಾರಿ ಎಂದುಕೊಂಡು ಮಲಗಿರುತ್ತಿದ್ದೆ. ಅಪ್ಪನ ರಕ್ತದ ಗುಂಪು ಹೊಂದಲಿಲ್ಲ, ಅವ್ವನದು ಹೊಂದಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಕಳಿಸುವ ದಿನ ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು.

"ನೋಡೀಮ್ಮಾ, ಮೈಯೊಳಗೆ ಒಂದು ಕಾವಲು ನಾಯಿ ಇದೆ ಅಂದ್ಕೊಳ್ಳಿ. ಹೊರಗಿನವರು ಬಂದರೆ ಕಚ್ಚುತ್ತೆ. ಅದಕ್ಕೇ ಇಮ್ಯುನಿಟಿ ಅನ್ನೋದು. ಈಗ ಹೊಸ ಕಿಡ್ನಿ ಬಂದಿದೆಯಲ್ಲ, ಅದನ್ನ ಕಚ್ಚಬಾರದು ಅಂತ ಈ ಮಾತ್ರೆ. ನಾಯಿಯ ಶಕ್ತಿ ಕಡಿಮೆ ಮಾಡುತ್ತೆ. ಕಿಡ್ನಿ ಇರೋವರೆಗೂ ತಗೊಳ್ತಿರಬೇಕು."

"ನಂದೇ ಅಲ್ವಾ ಸಾರ್ ಅದು?" ಅಂದಳು ಅವ್ವ. "ನಮ್ಮನೆಗೆ ನಾನೇ ಬಂದ್ರೆ ನಮ್ಮನೆ ನಾಯಿ ಬೊಗಳ್ತದಾ?"

"ತಾಯಿದಾದರೂ ಅರ್ಧ ಮಾತ್ರ ಹೊಂದಿಕೆ ಅಮ್ಮ. ಮಗಳ ಮೈಯಲ್ಲಿ ಇನ್ನರ್ಧ ತಂದೇದಲ್ವಾ?"

ಅವ್ವ ಅಪ್ಪನ ಕಡೆ ತಿರುಗಿದಳು. "ನಂಗೊತ್ತಿತ್ತು. ಆ ಅರ್ಧಾನೇ ಬೊಗಳೋದು."

ಅಪ್ಪ ಫ್ಯಾನು ನೋಡಿದ. ಡಾಕ್ಟರು ನಕ್ಕರು, ನರ್ಸೂ ನಕ್ಕಳು. ಬೇರೆ ಯಾವ ಔಷಧಿಯನ್ನೂ ಮುಟ್ಟಬೇಡಿ ಎಂದು ಹೇಳಿ ಕಳಿಸಿದರು.

ಆದರೆ ಆ 'ಕಡಿಮೆ' ಅನ್ನುವ ಮಾತು ಅವ್ವನ ತಲೆಯಲ್ಲಿ ಉಳಿದುಬಿಟ್ಟಿತು. ಕೊರೊನಾ ಬಂದಾಗಿನಿಂದ ಟೀವಿಯವರು, ಫೋನಿನವರು, ಊರಿಗೆ ಬಂದವರು ಹೋದವರೆಲ್ಲ ಇಮ್ಯುನಿಟಿ ಹೆಚ್ಚಿಸಿಕೊಳ್ಳಿ ಅಂತಲೇ ಹೇಳಿದ್ದರು. ಲೋಕವೆಲ್ಲ ಹೆಚ್ಚಿಸಿಕೊಳ್ಳುತ್ತಿರುವುದನ್ನು ತನ್ನ ಮಗಳಿಗೆ ಮಾತ್ರ ಯಾಕೆ ಕಳೆಯುತ್ತಾರೆ? ಮುಂದಿನ ಚೆಕಪ್ಪಿನಲ್ಲಿ ವಿಟಮಿನ್ ಡಿ ಕಮ್ಮಿ ಇದೆ ಎಂದು ವಾರಕ್ಕೊಂದು ಪುಡಿ ಕೊಟ್ಟು, ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಕೂರಲಿ ಎಂದಾಗ ಅವ್ವನ ಮುಖ ಅರಳಿತು. ಡಾಕ್ಟರೇ ದಾರಿಗೆ ಬಂದರು ಎಂದು ಅವಳು ತಿಳಿದಳು. ಸ್ವಲ್ಪ ಬಿಸಿಲು ಒಳ್ಳೆಯದಾದರೆ ಜಾಸ್ತಿ ಬಿಸಿಲು ಇನ್ನೂ ಒಳ್ಳೆಯದಲ್ಲವೇ?

ಅವ್ವನ ತಮ್ಮ ಸಿದ್ದರಾಜು ಸೋಮನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಭಾನುವಾರ ಮದ್ದೂರಿನ ಛತ್ರದಲ್ಲಿ ಶಕ್ತಿಪುಡಿ ಮಾರುವವರ ಮೀಟಿಂಗಿಗೆ ಹೋಗುತ್ತಿದ್ದ. ಅಲ್ಲಿಂದ ಒಂದು ಡಬ್ಬಿ ಹಿಡಿದುಕೊಂಡು ನೇರ ನಮ್ಮ ಮನೆಗೆ ಬಂದ.

"ಅಕ್ಕಯ್ಯ, ಇದ್ನ ಅಂಬಲಿಗಾಕಿ ಕೊಡು. ನಮ್ ಶಿಫ್ಟ್‌ನೋರೆಲ್ಲ ಕುಡೀತಾವ್ರೆ. ಒಬ್ರೂ ಸೀನಾಕಿಲ್ಲ."

ಅಪ್ಪ ಕಬ್ಬಿನ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದವನು ತಲೆಯೆತ್ತಿದ. "ಏನ್ ಬಾಮೈದ, ಟೈ ಕಟ್ಕಂಡು ಚಪ್ಪಾಳೆ ಹೊಡ್ದಂತೆ?"

"ನೀವ್ ನಗ್ರಿ ಬಾವ. ಹೆಣ್ಮಗ ಬಿಳಿಚ್ಕಂಡು ಕುಂತದೆ, ಕಣ್ ಕಾಣಕಿಲ್ವಾ ನಿಮ್ಗೆ?"

"ಲೋ ಸಿದ್ದ, ಔಸ್ದಿ ಏನಾರ ಬೆರ್ಸವ್ರೇನ್ಲಾ ಇದ್ಕೆ?" ಅವ್ವ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. "ಬ್ಯಾರೆ ಔಸ್ದಿ ಮುಟ್ಬ್ಯಾಡಿ ಅಂದವ್ರೆ ಆಸ್ಪತ್ರೇಲಿ."

"ಔಸ್ದಿ ಎಲ್ಬಂತು? ಆಹಾರ ಕಣಕ್ಕಯ್ಯ. ಬರ್ದೇ ಅವ್ರೆ ನೋಡು. ಅಮೃತಬಳ್ಳಿ, ನೆಲ್ಲಿಕಾಯಿ, ಅಶ್ವಗಂಧ. ಎಲ್ಲ ಬೇರು ಸೊಪ್ಪು."

ಅವ್ವ ನಕ್ಕುಬಿಟ್ಟಳು. "ಅಯ್ಯೋ ನಿನ್ ಬುದ್ಧಿಗಿಷ್ಟು! ಅಮೃತಬಳ್ಳೀನ ಡಬ್ಬೀಲಿ ತಂದಿದ್ದೀಯಲ್ಲೋ. ನಮ್ ಬೇಲಿ ಮ್ಯಾಲೆ ಹೊರೆ ಹೊರೆ ಬಿದ್ದದೆ."

ನಮ್ಮ ಕಡೆ ಶೀಶೆಯಲ್ಲಿ ಬರುವುದು, ಸೂಜಿಯಲ್ಲಿ ಬರುವುದು, ಹಾಳೆಯಲ್ಲಿ ಸುತ್ತಿ ಬರುವುದು ಔಷಧಿ. ಬೇಲಿ ಮೇಲೆ ಬೆಳೆಯುವುದು ಸೊಪ್ಪು. ಸೊಪ್ಪನ್ನು ಔಷಧಿಯೆಂದು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ನಾನೂ ಇಡಲಿಲ್ಲ. ಮಾವನ ಪುಡಿ ಅಂಬಲಿಗೆ ಬಿತ್ತು. ಬಳ್ಳಿಯ ಕಾಂಡವನ್ನು ಅವ್ವ ಒರಳಲ್ಲಿ ಜಜ್ಜಿ, ಕುದಿಸಿ, ಬೆಲ್ಲ ಹಾಕಿ ಲೋಟದಲ್ಲಿ ತಾರಸಿಗೆ ತಂದಳು. ಆಸ್ಪತ್ರೆಯ ಮಾತ್ರೆಗಳನ್ನು ಒಂದೂ ತಪ್ಪಿಸಲಿಲ್ಲ. ಮಾತ್ರೆ ನುಂಗಿಸುವುದು, ಮೇಲೆ ಕಷಾಯ ಕುಡಿಸುವುದು, ಆಮೇಲೆ ಬಿಸಿಲು.

ಆ ಬಿಸಿಲಲ್ಲಿ ಕಣ್ಣು ಮುಚ್ಚಿ ಕೂತರೆ ರೆಪ್ಪೆಯೊಳಗೆ ಕೆಂಪು ಕಾಡು ಕಾಣುತ್ತಿತ್ತು. ತೀರಿಕೊಂಡ ಪಟ್ಟಲಮ್ಮಜ್ಜಿ ಅದರೊಳಗಿಂದ ಕತೆ ಹೇಳುತ್ತಾ ಬರುತ್ತಿದ್ದಳು. ಸೂರ್ಯನಿಗೂ ಒಬ್ಬ ಅವ್ವ ಇದ್ದಾಳಂತೆ. ಲೋಕಕ್ಕೆಲ್ಲ ಬೆಳಕು ಹಂಚಿ ಸಂಜೆ ಅವನು ಕೆಂಡ ಆರಿದ ಇದ್ದಿಲಾಗಿ ಮನೆಗೆ ಬರುತ್ತಾನಂತೆ. ಅವಳು ತನ್ನ ಮೈಯಿಂದ ಒಂದು ಹಿಡಿ ಬೆಳಕು ಕಿತ್ತು ಅವನ ಎದೆಗೆ ಇಡುತ್ತಾಳಂತೆ. ಬೆಳಿಗ್ಗೆ ಅವನು ಮತ್ತೆ ಹೊತ್ತಿಕೊಳ್ಳುತ್ತಾನೆ. "ಅವ್ಳಿಗೆ ಏನಾಯ್ತದೆ ಅಜ್ಜಿ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಅವ್ಳ ಕತೆ ಯಾರ್ ಕೇಳಾರು, ಮನೀಕೋ" ಅಂದಿದ್ದಳು ಅಜ್ಜಿ.

ಮೊದಮೊದಲು ನನಗೆ ಹಸಿವಾಯಿತು, ಕೆನ್ನೆಗೆ ಬಣ್ಣ ಬಂತು. ಅವ್ವ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದಳು. ಆಮೇಲೆ ಮಳವಳ್ಳಿಯ ಲ್ಯಾಬಿನಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿತು. ಅದು ಏರಿದರೆ ಕಿಡ್ನಿ ದಣಿಯುತ್ತಿದೆ ಎಂದು ಅರ್ಥ, ಅವ್ವನಿಗೂ ಗೊತ್ತಿತ್ತು. "ಶಕ್ತಿ ಸಾಲ್ದು" ಎಂದು ಲೋಟ ದೊಡ್ಡದು ಮಾಡಿದಳು. ಮತ್ತೆ ಏರಿತು. ಸಂಜೆಗೂ ಒಂದು ಲೋಟ ಬಂತು. ನನ್ನ ಪಾದಗಳು ಊದಿದವು, ಅವ್ವ ಪಾದಗಳನ್ನೂ ಬಿಸಿಲಿಗೆ ಚಾಚಿಸಿದಳು. ಹೊಟ್ಟೆಯ ಬಲಗಡೆ ಮುಟ್ಟಿದರೆ ನೋಯುತ್ತಿತ್ತು. ಅಲ್ಲಿಗೆ ಅಂಗೈ ಇಟ್ಟು ಅವ್ವ, "ಇರವ್ವ, ಇರು" ಅನ್ನುತ್ತಿದ್ದಳು. ನನಗೆ ಹೇಳುತ್ತಿದ್ದಳೋ ಅದಕ್ಕೆ ಹೇಳುತ್ತಿದ್ದಳೋ ತಿಳಿಯುತ್ತಿರಲಿಲ್ಲ.

ಮೈಸೂರಿನಲ್ಲಿ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ಪರೀಕ್ಷೆ ಮಾಡಿದರು. ಮೈ ಕಿಡ್ನಿಯನ್ನು ತಳ್ಳುತ್ತಿದೆ, ತುಂಬಾ ಮುಂದೆ ಹೋಗಿದೆ ಎಂದರು. ದೊಡ್ಡ ದೊಡ್ಡ ಇಂಜೆಕ್ಷನ್ ಕೊಟ್ಟರು, ಮೈ ಕೇಳಲಿಲ್ಲ.

"ಬೇರೆ ಔಷಧಿ ಏನಾದರೂ ಕೊಟ್ರಾ?" ಡಾಕ್ಟರು ಕೇಳಿದರು.

"ದೇವ್ರಾಣೆಗೂ ಇಲ್ಲ ಸಾರ್."

"ಬೆಳಿಗ್ಗೆ ಎದ್ದು ಏನೇನು ಕುಡೀತಾಳೆ, ಒಂದೊಂದಾಗಿ ಹೇಳಿ."

ಅವ್ವ ಹೇಳಿದಳು. ತಪ್ಪೊಪ್ಪಿಕೊಳ್ಳುವವಳ ಹಾಗಲ್ಲ, ಬಾಣಂತಿಗೆ ಮಾಡಿದ ಆರೈಕೆಯನ್ನು ಬೀಗರ ಮುಂದೆ ಹೇಳುವವಳ ಹಾಗೆ. ಬಿಸಿಲು, ಅಂಬಲಿ, ಪುಡಿ, ಬಳ್ಳಿಯನ್ನು ಎಷ್ಟು ಹದಕ್ಕೆ ಕುದಿಸಬೇಕು ಎಂಬುದು. ಡಾಕ್ಟರು ಪೆನ್ನನ್ನು ಮೇಜಿನ ಮೇಲಿಟ್ಟರು.

"ಅದರಿಂದಲೇ ಹೀಗಾಯ್ತು ಅಂತ ನಾನು ಖಂಡಿತವಾಗಿ ಹೇಳೋಕಾಗಲ್ಲಮ್ಮ. ಬಿಸಿಲಿಂದ ಆಗಿಲ್ಲ. ಆದರೆ ನಾವು ಮಲಗಿಸೋಕೆ ನೋಡ್ತಿದ್ದ ನಾಯೀನ ಆ ಬಳ್ಳಿ ಎಬ್ಬಿಸುತ್ತೆ. ಕೊಡಬಾರದಿತ್ತು."

ಅವ್ವ ತನ್ನ ಕೈಗಳನ್ನು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಬಳ್ಳಿಯ ಹಸಿರು ಇನ್ನೂ ಇತ್ತು. ಆಮೇಲೆ ಸೆರಗು ಸರಿಮಾಡಿಕೊಂಡು ಕೇಳಿದಳು. "ಇನ್ನೊಂದ್ ಐತಲ್ಲ ಸಾರ್ ನನ್ತಾವ. ತಕ್ಕಳಿ."

ಡಾಕ್ಟರು ಅಪ್ಪನ ಮುಖ ನೋಡಿದರು. ಅಪ್ಪ ಅವ್ವನ ರಟ್ಟೆ ಹಿಡಿದು ಎಬ್ಬಿಸಿದ.

ಈಗ ಮತ್ತೆ ಮಂಡ್ಯಕ್ಕೆ ಹೋಗುತ್ತೇವೆ, ಅದೇ ಮಿಷನ್ನು. ಸಿದ್ದರಾಜು ಮಾವ ಮನೆಗೆ ಬಂದರೂ ಒಳಗೆ ಬರುವುದಿಲ್ಲ, ಜಗಲಿಯಲ್ಲೇ ಕೂತು ಎದ್ದುಹೋಗುತ್ತಾನೆ. ಅವ್ವ ಅವನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಚಾಪೆ ಮೂಲೆಯಲ್ಲಿ ನಿಂತಿದೆ. ನಾನೇ ತಾರಸಿಗೆ ಹೋದರೆ ಕೆಳಗಿನಿಂದ, "ಇಳಿ" ಅನ್ನುತ್ತಾಳೆ, ಅಷ್ಟೇ.

ಹೋದ ವಾರ ನನ್ನನ್ನು ಮಿಷನ್ನಿನಿಂದ ಬಿಡಿಸುತ್ತಿದ್ದ ನರ್ಸನ್ನು ಅವ್ವ ಕೇಳಿದಳು.

"ಒಳಗಿರೋದ್ನ ತೆಗ್ಯಕಿಲ್ವೇನವ್ವ?"

"ತೊಂದರೆ ಕೊಡದಿದ್ರೆ ಅಲ್ಲೇ ಬಿಡ್ತಾರಮ್ಮ. ಒಣಗಿ ಚಿಕ್ಕದಾಗುತ್ತೆ."

ಬಸ್ಸಿನಲ್ಲಿ ಕೂತೆವು. ಮದ್ದೂರಿನಲ್ಲಿ ಇಳಿದು ಮಳವಳ್ಳಿಯ ಬಸ್ಸು ಹತ್ತಿದೆವು. ನಾನು ಅವಳ ಹೆಗಲಿಗೆ ತಲೆ ಒರಗಿಸಿದ್ದೆ, ಡಯಾಲಿಸಿಸ್ ಆದ ದಿನ ತಲೆ ನಿಲ್ಲುವುದಿಲ್ಲ. ಕಬ್ಬಿನ ಲಾರಿಯೊಂದು ಅಡ್ಡ ಬಂದು ಬಸ್ಸು ನಿಂತಿತು. ಆಗ ಅವ್ವ ಕಿಟಕಿಯ ಕಡೆ ನೋಡುತ್ತಲೇ ಮೆಲ್ಲಗೆ ಅಂದಳು.

"ನನ್ನೊಳ್ಗೇ ಇದ್ದಿದ್ರೆ ಬದ್ಕಿರ್ತಿತ್ತು ಅದು."

ನಾನು ತಲೆ ಎತ್ತಿಕೊಂಡೆ. ಅವಳು ನನ್ನ ಕಡೆ ತಿರುಗಲಿಲ್ಲ. ನಾನೂ ಆ ಕಿಡ್ನಿಯೂ, ಅವಳ ಮೈಯಿಂದ ಬಂದದ್ದು ನಾವಿಬ್ಬರೂ. ಇಬ್ಬರಲ್ಲಿ ಯಾರಿಗಾಗಿ ಹಾಗಂದಳು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಲಾರಿ ಸರಿಯಿತು. ಕಂಡಕ್ಟರ್ ಬಂದು ಎಲ್ಲಿಗೆ ಎಂದ. ಅವ್ವ ಇಬ್ಬರ ಆಧಾರ್ ಕಾರ್ಡನ್ನೂ ಚಾಚಿದಳು, ಊರಿನ ಹೆಸರನ್ನು ನಾನು ಹೇಳಿದೆ.