ಲಿಫ್ಟಿನೊಳಗಿನ ಕೋಡ್

ಅತ್ತೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಾಗ ನಾನು ಬೇರೊಂದು ಊರಿನ ಬಸ್ ನಿಲ್ದಾಣದಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆ ಲಿಫ್ಟನ್ನು ನೋಡಿಕೊಳ್ಳುವುದು ನಮ್ಮದೇ ಕಂಪನಿ. ಅದು ನಡುವೆ ನಿಂತು ಬಾಗಿಲಿಗೆ ಬೀಗ ಬಿದ್ದರೆ ಮೆಕ್ಯಾನಿಕ್ಕಿನ ಕೈಯಲ್ಲೂ ಏನೂ ಆಗದು, ಆಫೀಸಿನ ಸಿಸ್ಟಮ್ಮಿನಿಂದಲೇ ತೆಗೆಯಬೇಕು. ಆ ದಿನ ಬೀಗ ತೆಗೆಯುವ ಪಾಳಿ ಯಾರದು? ನನ್ನದೇ.

ಹೆಂಡತಿ ಫೋನಿನಲ್ಲಿ ಅಳುತ್ತಿದ್ದಳು. “ಅಮ್ಮಂಗೆ ಆಗ್ಲೇ ಉಬ್ಬಸ ಶುರುವಾಗಿದೆ ರೀ. ಇನ್‌ಹೇಲರ್ ಇಲ್ಲಿ ನನ್ನ ಕೈಯಲ್ಲಿದೆ. ಬೇಗ ಏನಾದ್ರೂ ಮಾಡಿ.”

ಮಾಡುವುದೇನೋ ಸುಲಭ, ಒಂದು ಬಟನ್ ಒತ್ತಿದರಾಯಿತು. ಆದರೆ ನನ್ನ ಫೋನಿನ ಡೇಟಾ ಮುಗಿದಿತ್ತು. ನಿಲ್ದಾಣದ ಪುಕ್ಕಟೆ ವೈಫೈ ಎಂದರೆ ದಾರಿಹೋಕರೆಲ್ಲ ಕೈ ಹಾಕುವ ಗಡಿಗೆ. ಅದರಿಂದ ಬಂದರೆ ವಿಪಿಎನ್ ಎಂಬ ಭದ್ರ ಸುರಂಗವಿಲ್ಲದೆ ನಮ್ಮ ಆಫೀಸು ಒಳಗೆ ಬಿಡುವುದಿಲ್ಲ. ವಿಪಿಎನ್‌ಗೆ ಕೋಡ್ ಬೇಕು. ಕೋಡ್ ಬರುವುದು ಆಫೀಸು ಕೊಟ್ಟ ಫೋನಿಗೆ. ಆ ಫೋನನ್ನು ನಾನು ಮನೆಯಲ್ಲಿ ಮರೆತು ಬಂದಿದ್ದೆ. ಅದನ್ನು ನನಗೆ ಕೊರಿಯರ್ ಮಾಡೋಣವೆಂದು ಕೈಯಲ್ಲಿ ಹಿಡಿದು ಹೊರಟ ಅತ್ತೆಯೇ ಈಗ ಲಿಫ್ಟಿನೊಳಗಿದ್ದರು.

ಆ ಫೋನಿಗೆ ಕರೆ ಮಾಡಿದೆ.

“ಅತ್ತೆ, ನಾನು. ಈಗೊಂದು ಮೆಸೇಜ್ ಬಂದಿರುತ್ತೆ. ಅದರಲ್ಲಿರೋ ನಂಬರ್ ಓದಿ ಹೇಳಿ.”

“ಹೇಳಲ್ಲ.”

ತಪ್ಪು ಅವರದಲ್ಲ. ಪಕ್ಕದ ಮನೆಯವರಿಗೆ ಯಾರೋ ಫೋನಿನಲ್ಲಿ ಟೋಪಿ ಹಾಕಿದ ಮೇಲೆ ಅತ್ತೆಯನ್ನು ಕೂರಿಸಿಕೊಂಡು ನಾನೇ ಪಾಠ ಮಾಡಿದ್ದೆ: ಕೋಡ್ ಯಾರಿಗೂ ಹೇಳಬೇಡಿ, ನನ್ನದೇ ದನಿಯಲ್ಲಿ ಕೇಳಿದರೂ ಹೇಳಬೇಡಿ, ಈಗ ದನಿಯನ್ನೂ ಕದಿಯುತ್ತಾರೆ. ನನ್ನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಂಡವರಲ್ಲ. ಅತ್ತೆ ಹಾಕಿಕೊಂಡದ್ದು ಇದೊಂದನ್ನೇ.

ಹೆಂಡತಿ ಹೊರಗಿನಿಂದ ಬಾಗಿಲು ಬಡಿದು “ಹೇಳಮ್ಮಾ!” ಎಂದು ಕೂಗಿದ್ದು ನನಗೂ ಕೇಳಿಸಿತು.

“ಅವಳ ದನೀನೂ ಕದ್ದುಬಿಟ್ರಾ?” ಎಂದರು ಅತ್ತೆ.

ನಾನು ದನಿ ಏರಿಸಿದೆ. ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. ಲ್ಯಾಪ್‌ಟಾಪ್ ಹಿಡಿದ ಗಂಡಸೊಬ್ಬ ವಯಸ್ಸಾದ ಹೆಂಗಸಿನ ಹತ್ತಿರ ಕೋಡ್ ಕೊಡಿ, ಕೋಡ್ ಕೊಡಿ ಎಂದು ಗೋಗರೆಯುತ್ತಿದ್ದರೆ ಯಾರು ತಾನೇ ಸುಮ್ಮನಿರುತ್ತಾರೆ? ಪಕ್ಕದಲ್ಲಿದ್ದ ದಪ್ಪ ಕನ್ನಡಕದವರು ನನ್ನ ಫೋನಿನ ಹತ್ತಿರ ಬಾಯಿ ತಂದು, “ಅಮ್ಮಾ, ಕೊಡ್ಬೇಡಿ! ನಾವೆಲ್ಲ ಇದ್ದೀವಿ!” ಎಂದು ಅರಚಿದರು. ಸೆಕ್ಯೂರಿಟಿಯವನು ಓಡಿ ಬಂದು ನನ್ನ ಕಾಲರಿಗೆ ಕೈ ಹಾಕಿದ. ಅಷ್ಟರಲ್ಲಿ ವೈಫೈ ನನ್ನನ್ನು ಹೊರದಬ್ಬಿ ಹಾಸಿಗೆಯ ಜಾಹೀರಾತು ತೋರಿಸಿತು. ಆ ಕೋಡ್ ಸತ್ತಿತು. ಮತ್ತೆ ಒಳಗೆ ಹೋಗಿ ಹೊಸದನ್ನು ಕೇಳಿದೆ.

“ಇನ್ನೊಂದು ಬಂತು,” ಎಂದರು ಅತ್ತೆ. ಮಾತಿನ ನಡುವೆ ಉಸಿರು ಸುಯ್ಯೆನ್ನುತ್ತಿತ್ತು. ನನಗೆ ನಿಜವಾಗಿ ಭಯವಾಯಿತು.

“ಏನು ಬೇಕಾದ್ರೂ ಕೇಳಿ ಅತ್ತೆ. ನಾನೇ ಅಂತ ತೋರಿಸ್ತೀನಿ.”

“ಕೇಳ್ಲಿ, ಕೇಳ್ಲಿ,” ಎಂದು ಸೆಕ್ಯೂರಿಟಿಯವನು ಸ್ಪೀಕರ್ ಹಾಕಿಸಿದ. ಇಡೀ ನಿಲ್ದಾಣ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿತು.

ಅತ್ತೆ ಉಸಿರೆಳೆದುಕೊಂಡು ಕೇಳಿದರು. “ನನ್ನ ಹೆಸರೇನು?”

ಇಷ್ಟೇನಾ ಎಂದು ಬಾಯಿ ತೆರೆದೆ. ತೆರೆದ ಬಾಯಿ ತೆರೆದೇ ಇತ್ತು. ನನಗೆ ಅವರು ಅತ್ತೆ. ಹೆಂಡತಿಗೆ ಅಮ್ಮ, ಮಗಳಿಗೆ ಅಜ್ಜಿ, ಕೆಳಗಿನ ಅಂಗಡಿಯವನಿಗೆ ಮೇಲ್ಮನೆ ಅಮ್ಮಾವ್ರು. ಲಗ್ನಪತ್ರಿಕೆಯಲ್ಲಿ ಎಂದೋ ಓದಿದ್ದೆ; ಅದು ನೆನಪಿಗೆ ಬರಲೊಲ್ಲದು. ಒಂದೇ ಸೂರಿನಡಿ ಇಷ್ಟು ವರ್ಷ ಅವರ ಕೈಯಡುಗೆ ಉಂಡಿದ್ದೇನೆ. ದಪ್ಪ ಕನ್ನಡಕದವರು “ಹೇಳಪ್ಪಾ” ಎಂದು ಮೊಣಕೈಯಿಂದ ತಿವಿದರು. ತೋಚಿದ ಯಾವುದೋ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಹೇಳಲು ಧೈರ್ಯ ಬರಲಿಲ್ಲ.

“ಗೊತ್ತಿಲ್ಲ ಅತ್ತೆ,” ಎಂದೆ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ.

ಕಾಲರಿನ ಮೇಲಿನ ಹಿಡಿತ ಬಿಗಿಯಾಯಿತು.

“ಹಾಗಾದ್ರೆ ನೀವು ನಮ್ಮ ಅಳಿಯಂದ್ರೇ,” ಎಂದರು ಅತ್ತೆ. “ಕಳ್ಳ ಆಗಿದ್ರೆ ಹೆಸರು ತಿಳ್ಕೊಂಡೇ ಫೋನ್ ಮಾಡಿರ್ತಿದ್ದ. ಬರ್ಕೊಳ್ಳಿ.”

ಅಂಕಿಗಳನ್ನು ಒಂದೊಂದಾಗಿ ಹೇಳಿದರು. ವಿಪಿಎನ್ ಕೂಡಿಕೊಂಡಿತು, ಬಟನ್ ಒತ್ತಿದೆ. ಫೋನಿನಲ್ಲಿ ಬಾಗಿಲು ಸರಿದ ಸದ್ದು, “ಅಮ್ಮಾ” ಎಂಬ ಹೆಂಡತಿಯ ಕೂಗು, ಇನ್‌ಹೇಲರ್ ಪುಸ್ಸೆಂದದ್ದು, ಎಲ್ಲ ಕೇಳಿಸಿತು. ನಿಲ್ದಾಣದವರು ಚಪ್ಪಾಳೆ ತಟ್ಟಿದರು. ಅದು ನನಗಲ್ಲವೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸ್ಪೀಕರ್ ಆರಿಸಿ ಗೋಡೆಯ ಕಡೆ ತಿರುಗಿದೆ. “ಅತ್ತೆ, ನಿಮ್ಮ ಹೆಸರು?”

“ಅದನ್ನ ಫೋನಲ್ಲಿ ಕೇಳ್ತಾರಾ?” ಎಂದರು. “ಮನೆಗೆ ಬನ್ನಿ.”