ಕಾಸೀಮಬೀಯ ಕಲ್ಲುಬಾನಿ

ಹನುಮಸಾಗರದ ಆ ಓಣಿಯಲ್ಲಿ ಪಾರ್ವತೆಮ್ಮನ ಮನೆಯ ನೀರಿಗೆ ದೊಡ್ಡ ಹೆಸರಿತ್ತು. ಕಿರಾಣಿ ಅಂಗಡಿ ಕೊಟ್ರಪ್ಪನ ಹೆಂಡತಿ ಆಕೆ. ಪಡಸಾಲೆಯಲ್ಲಿ ಹಿತ್ತಾಳೆ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಂದವರು ಮುಖ ನೋಡಿಕೊಳ್ಳುವಂತೆ ಸಾಲಾಗಿ ಜೋಡಿಸಿರುತ್ತಿದ್ದಳು. ಅಡುಗೆಮನೆಯ ಕತ್ತಲಲ್ಲಿದ್ದ ಮಣ್ಣಿನ ಗುಡಾಣದ ಮಾತೇ ಬೇರೆ. ಬಾವಿಯ ನೀರು ತಳ ಹಿಡಿದಿದ್ದ ಬೇಸಿಗೆ. ಸಿಕ್ಕ ನೀರನ್ನು ಅದರೊಳಗೆ ಸುರಿಯುತ್ತ ಹೋಗುವುದೇ ಹೊರತು, ಬರಿದು ಮಾಡಿ ತೊಳೆಯುವ ಸಿರಿವಂತಿಕೆ ಊರಲ್ಲಿ ಯಾರಿಗೂ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಆ ವರ್ಷ ಊರಿಗೆ ಕೀಲು ಕೀಲು ಹಿಂಡುವ ಜ್ವರ ಬಂತು. ಜ್ವರದ ಬೆನ್ನಿಗೇ ದೂರದ ಸಂಶೋಧನಾ ಸಂಸ್ಥೆಯೊಂದರಿಂದ ಡಾಕ್ಟರ್ ವಿರೂಪಾಕ್ಷಪ್ಪನವರು ಜೀಪಿನಲ್ಲಿ ಬಂದರು. ಮಲಗಿದವರ ರಕ್ತ ತೆಗೆದುಕೊಂಡರು. ಇದು ಡೆಂಗಿಯೋ ಅದರ ಬಳಗದ ಇನ್ನೊಂದೋ ಎಂಬುದು ಪರೀಕ್ಷೆಯಲ್ಲಿ ತಿಳಿಯುತ್ತದೆ, ಯಾವುದೇ ಆದರೂ ಹೊತ್ತು ತರುವುದು ಕಾಲಿಗೆ ಬಿಳಿ ಪಟ್ಟೆಯಿರುವ, ಹಗಲು ಕಚ್ಚುವ ಸೊಳ್ಳೆ, ಅದು ಎಲ್ಲಿ ಮರಿ ಮಾಡುತ್ತದೆಂದು ನಾಳೆ ಮನೆಮನೆಯ ನೀರು ನೋಡುತ್ತೇವೆ ಎಂದು ಚಾವಡಿಯಲ್ಲಿ ಹೇಳಿ ಹೋದರು. ಒಳ್ಳೆಯ ಮನುಷ್ಯ, ಓದಿಕೊಂಡವರು. ಆದರೆ ಮೊದಲೇ ಸುದ್ದಿ ಕೊಟ್ಟು ಹೆಂಗಸರ ಅಡುಗೆಮನೆ ನೋಡಲು ಬಂದವರಿಗೆ ಏನು ತಾನೇ ಕಂಡೀತು?

ಮರುದಿನ ಬೆಳಿಗ್ಗೆ ಪಾರ್ವತೆಮ್ಮ ಗುಡಾಣದೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದಳು. ನೀರಿನ ತುಂಬ ಸಣ್ಣ ಹುಳಗಳು ಕೊಂಕುತ್ತ ಕುಣಿಯುತ್ತಿದ್ದವು. ಪರ ಊರಿನವರ ಕಣ್ಣಿಗೆ ಇದು ಬಿದ್ದರೆ ಓಣಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಬಿಳಿ ಅರಿವೆ ಕಟ್ಟಿ ನೀರನ್ನೆಲ್ಲ ಬೇರೆ ಪಾತ್ರೆಗಳಿಗೆ ಸೋಸಿದಳು, ಗುಡಾಣ ಒರೆಸಿ ಮತ್ತೆ ತುಂಬಿದಳು. ಅರಿವೆಯನ್ನು ಜಾಲಿಸುವುದು ಉಳಿಯಿತು. ಆ ಸೀಮೆಯಲ್ಲಿ ಕಾಳು ತೊಳೆದ ನೀರಾಗಲಿ, ಕೈ ತೊಳೆದ ನೀರಾಗಲಿ ನೆಲಕ್ಕೆ ಚೆಲ್ಲುವುದಿಲ್ಲ, ದನಕರುಗಳು ಕುಡಿಯುವ ಬಾನಿಗೆ ಹೋಗಬೇಕು. ಪಾರ್ವತೆಮ್ಮನ ಮನೆಯಲ್ಲಿ ದನಗಳಿರಲಿಲ್ಲ. ಹಿತ್ತಲ ಬಾಗಿಲಾಚೆ ನೆರೆಮನೆಯ ಕಾಸೀಮಬೀಯ ಆಡುಗಳ ಕಲ್ಲುಬಾನಿ ಇತ್ತು. ದಿನವೂ ಮಾಡುವ ಹಾಗೆ ಅದರಲ್ಲೇ ಅರಿವೆ ಜಾಲಿಸಿ, ಹಿಂಡಿ, ಒಳಗೆ ಬಂದಳು.

ಡಾಕ್ಟರು ಬಂದರು, ಗುಡಾಣ ನೋಡಿದರು, ಇಂಥ ಮನೆ ಊರಿಗೊಂದಿದ್ದರೆ ನಮಗೆ ಕೆಲಸವೇ ಇರುತ್ತಿರಲಿಲ್ಲ ಎಂದು ಹೊಗಳಿದರು. ಉಳಿದ ಮನೆಗಳೂ ಹಾಗೇ ಥಳಥಳ. ಕಡೆಗೆ ಕಾಸೀಮಬೀಯ ಬಾನಿಯಿಂದ ಒಂದು ಸೌಟು ನೀರೆತ್ತಿ ಬಿಳಿ ತಟ್ಟೆಗೆ ಸುರಿದರು. ಹುಳಗಳು ಮಿಸುಕಾಡಿದವು. ಜ್ವರದ ಸೊಳ್ಳೆಯ ಮರಿ ಇದೇ ನೋಡಿ ಎಂದು ತಟ್ಟೆಯನ್ನು ನೆರೆದವರಿಗೆಲ್ಲ ತೋರಿಸಿದರು. ಪಾರ್ವತೆಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಕಾಸೀಮಬೀ ಗಂಡನಿಲ್ಲದ ಹೆಂಗಸು, ಮನೆಯ ಮುಂದೆ ಒಲೆ ಹೂಡಿ ಚಹ ಮಾರಿ ಬದುಕುತ್ತಿದ್ದಳು. ಮರುದಿನದಿಂದಲೇ ಅವಳ ಬೆಂಚು ಖಾಲಿ. ಹುಳದ ಚಹ ಎಂದು ಜನ ಮೂಗು ಮುರಿದರು. ಅವಳು ಬಾನಿ ಬರಿದು ಮಾಡಿದಳು, ಎಲ್ಲರಿಗೂ ಕಾಣುವಂತೆ ಚಹದ ಕಿಟ್ಲಿ ತಿಕ್ಕಿದಳು. ಯಾರೂ ಹತ್ತಿರ ಸುಳಿಯಲಿಲ್ಲ. ಅತ್ತ ಜ್ವರವೂ ನಿಲ್ಲಲಿಲ್ಲ. ಪಾರ್ವತೆಮ್ಮ ನಾಚಿಕೆ ತಡೆಯಲಾರದೆ ಒಂದು ದಿನ ಬಿಸಿ ರೊಟ್ಟಿ, ಪುಂಡಿಪಲ್ಯ ಕಾಸೀಮಬೀಗೆ ಕಳಿಸಿದಳು. ತಟ್ಟೆ ಮುಚ್ಚಿದ್ದು ಮುಚ್ಚಿದಂತೆಯೇ ತಿರುಗಿ ಬಂತು. ಅರಿವೆ ಜಾಲಿಸಿದ್ದನ್ನು ಕಾಸೀಮಬೀ ಅಂದೇ ಕಂಡಿದ್ದಾಳೆ ಎಂದು ಪಾರ್ವತೆಮ್ಮನಿಗೆ ಆಗ ತಿಳಿಯಿತು.

ಕೆಲವು ವಾರಗಳ ಮೇಲೆ ಡಾಕ್ಟರು ಮತ್ತೆ ಬಂದರು. ರಕ್ತದಲ್ಲಿ ಡೆಂಗಿಯೇ ಇತ್ತಂತೆ. ಅವರಿಗೊಂದು ಸೋಜಿಗ: ಈ ಸೊಳ್ಳೆಗೆ ಮನೆಯೊಳಗೆ ತುಂಬಿಟ್ಟ ತಿಳಿನೀರೇ ಪ್ರೀತಿ, ಈ ಊರಲ್ಲಿ ಮಾತ್ರ ಮನೆಗಳೆಲ್ಲ ಚೊಕ್ಕ, ಆಡಿನ ಬಾನಿಯಲ್ಲಿ ಹುಳ. ಹಾಗಾದರೆ ಸುತ್ತಲ ಹಳ್ಳಿಗಳಲ್ಲೂ ಬಾನಿಗಳನ್ನೇ ಬರಿದು ಮಾಡಿಸುತ್ತೇನೆ ಎಂದರು. ಕಾಸೀಮಬೀಯ ಮನೆ ಮುಂದೆ ಹೆಂಗಸರನ್ನು ಕೂಡಿಸಿ, ನೀರನ್ನು ಹೇಗೆ ಚೊಕ್ಕವಾಗಿಡಬೇಕೆಂದು ಪಾರ್ವತೆಮ್ಮನೇ ತೋರಿಸಲಿ ಎಂದು ಮುಂದೆ ಕರೆದರು.

ಪಾರ್ವತೆಮ್ಮ ಎದ್ದು ಹೋದವಳು ತೋರಿಸಲಿಲ್ಲ. ಕಾಸೀಮಬೀಯ ಒಲೆಯ ಹತ್ತಿರ ನಿಂತು ಒಂದು ಕಪ್ ಚಹ ಕೇಳಿದಳು. ಎಲ್ಲರೂ ನೋಡುತ್ತಿದ್ದ ಹಾಗೆ ಕುಡಿದಳು. ಇಷ್ಟರಲ್ಲೇ ಮುಗಿದುಹೋಗಲಿ ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು.

ಕಾಸೀಮಬೀ ಖಾಲಿ ಕಪ್ ಇಸಿದುಕೊಂಡು, ದನಿ ಏರಿಸದೆ ಅಂದಳು: "ಮಂದಿ ಮುಂದ ಚಾ ಕುಡದ್ರಿ, ಛಲೋ ಆತು. ಅವತ್ತ ಅರಿವಿ ಎಲ್ಲಿ ಜಾಲಿಸಿದ್ರಿ, ಅದನ್ನೂ ಮಂದಿ ಮುಂದ ಹೇಳ್ರಿ."

ಪಾರ್ವತೆಮ್ಮ ಕಾಲ ಕೆಳಗಿನ ನೆಲ ನೋಡುತ್ತಲೇ ಅಂದಳು: "ಹುಳ ನನ್ನ ಗುಡಾಣದ್ದರಿ, ಡಾಕ್ಟರ. ನಾನ ಸೋಸಿ ಈಕಿ ಬಾನ್ಯಾಗ ಹಿಂಡೀನಿ. ಈಕಿದೇನೂ ತಪ್ಪಿಲ್ಲ."

ಆಗ ಹಿಂದೆ ಕೂತಿದ್ದ ಯಮನೂರಮ್ಮ, ತಾನೂ ಸೋಸಿದ್ದೆ ಎಂದಳು. ಇನ್ನೊಬ್ಬಳು ತಾನೂ ಎಂದಳು. ಊರೆಲ್ಲ ಕಾಣುವಂತೆ ತಟ್ಟೆ ಹಿಡಿದು ತೋರಿಸಿದ್ದ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ ನಿಂತರು. ಕಾಸೀಮಬೀಯತ್ತ ನೋಡಲು ಅವರಿಗೂ ಆಗಲಿಲ್ಲ.

ಪಾರ್ವತೆಮ್ಮ ಅವರ ಬಿಳಿ ತಟ್ಟೆಯನ್ನು ತಾನೇ ತೆಗೆದುಕೊಂಡು ತನ್ನ ಮನೆಯೊಳಗೆ ಹೋಗಿ, ಗುಡಾಣದ ನೀರು ತುಂಬಿಕೊಂಡು ಬೀದಿಗೆ ತಂದಳು. ಸೋಸಿದ ಮೇಲಿನ ಆ ಕೆಲವು ವಾರಗಳಲ್ಲೇ ಮತ್ತೆ ಹುಳ ಹುಟ್ಟಿದ್ದವು. ಎಲ್ಲರೂ ಬಗ್ಗಿ ನೋಡಿದರು. ಇನ್ನು ಮನೆಯೊಳಗಿನ ಗುಡಾಣಗಳನ್ನೇ ಮೊದಲು ನೋಡಬೇಕೆಂದ ಡಾಕ್ಟರು, ಈ ನೀರನ್ನು ಒಣ ನೆಲದ ಮೇಲೆ ಚೆಲ್ಲಿ, ಅಷ್ಟಕ್ಕೇ ಹುಳ ಸಾಯುತ್ತವೆ ಎಂದರು. ಹುಟ್ಟಿದಾಗಿನಿಂದ ಪಾರ್ವತೆಮ್ಮ ನೀರು ನೆಲಕ್ಕೆ ಚೆಲ್ಲಿದವಳಲ್ಲ. ಕಾಸೀಮಬೀಯ ಮನೆಯ ಮುಂದಿನ ಬಿಸಿ ಮಣ್ಣಿನ ಮೇಲೆ ಚೆಲ್ಲಿದಳು. ನೀರು ಇಂಗಿತು, ಹುಳಗಳು ತುಸು ಒದ್ದಾಡಿ ಒಣಗಿದವು.

ಕಾಸೀಮಬೀ ಅದನ್ನೇ ನೋಡುತ್ತಿದ್ದಳು.

"ಅವತ್ತೂ ಈ ನೆಲ ಇಲ್ಲೇ ಇತ್ತಲ್ರಿ," ಎಂದು, ಒಲೆಗೆ ಕಟ್ಟಿಗೆ ಒಟ್ಟಲು ತಿರುಗಿದಳು.