ಅಪ್ಪನ ಬೀರು

ದರ್ಜಿ ಕೆಲಸದ ಅಕ್ಕನನ್ನು ಅವಳ ತಮ್ಮ ಚಿಕ್ಕಂದಿನಿಂದಲೂ ‘ಪುಸ್ತಕದ ಹುಳ’ ಎಂದೇ ರೇಗಿಸುತ್ತಿದ್ದ. ಹೊಲಿಗೆ ಯಂತ್ರದ ಪಕ್ಕದಲ್ಲೂ ಅವಳಿಗೊಂದು ಪುಸ್ತಕ ತೆರೆದಿರಬೇಕು. ಬೀದಿಯ ಗ್ರಂಥಾಲಯಕ್ಕೆ ಕಾಗದ ಕೊರೆಯುವ ಹುಳು ಬಿದ್ದು, ಪುಸ್ತಕಗಳನ್ನೆಲ್ಲ ಸುಡುವುದೆಂದು ತೀರ್ಮಾನವಾದಾಗ ಅವಳು ಊಟ ಬಿಟ್ಟು ಓಡಿದಳು.

“ಇವು ಚೆನ್ನಾಗೇ ಇವೆಯಲ್ಲ ಸಾರ್, ಒಂದು ತೂತೂ ಇಲ್ಲ,” ಎಂದು ಗೋಗರೆದಳು.

“ಒಳಗೆ ಮೊಟ್ಟೆ ಇರತ್ತಮ್ಮ, ಕಣ್ಣಿಗೆ ಕಾಣಲ್ಲ. ಮನೆಗೆ ಮಾತ್ರ ತಗೊಂಡು ಹೋಗ್ಬೇಡಿ,” ಎಂದರು ಗ್ರಂಥಪಾಲಕರು.

ಅವರು ಅತ್ತ ತಿರುಗಿದಾಗ ಅವಳು ಚೀಲಕ್ಕೆ ಹಿಡಿಸುವಷ್ಟು ತುಂಬಿಕೊಂಡು ಬಂದುಬಿಟ್ಟಳು. ಮನೆಯಲ್ಲಿ ಬೇರೆ ಜಾಗವಿರಲಿಲ್ಲ. ತೀರಿಕೊಂಡ ಅಪ್ಪ ಜೀವನವಿಡೀ ಕೂಡಿಟ್ಟಿದ್ದ ಪುಸ್ತಕಗಳ ಬೀರುವಿನಲ್ಲೇ ಅವನ್ನೂ ಜೋಡಿಸಿದಳು.

ಮುಂದಿನ ಬೇಸಿಗೆಯಲ್ಲಿ ಅಪ್ಪನದೊಂದು ಪುಸ್ತಕ ಎಳೆದಾಗ ಹಿಟ್ಟಿನಂಥ ಪುಡಿ ಮಡಿಲಿಗೆ ಸುರಿಯಿತು. ಒಂದೊಂದಾಗಿ ಎಲ್ಲವನ್ನೂ ತೆಗೆದು ನೋಡಿದಳು. ಪುಟಗಳು ಜರಡಿಯಾಗಿದ್ದವು. ಅಂಚಿನಲ್ಲಿ ಅಪ್ಪ ಪೆನ್ಸಿಲ್ಲಿನಿಂದ ಬರೆದಿದ್ದ ಮಾತುಗಳಲ್ಲಿ ಒಂದೂ ಪೂರ್ತಿಯಾಗಿ ಉಳಿದಿರಲಿಲ್ಲ.

ತಮ್ಮ ಬಂದು ನೋಡಿ ದಂಗಾದ. “ಹೋಗ್ಲಿ ಬಿಡಕ್ಕ. ಹುಳ ಅಂದ್ಮೇಲೆ ಎಲ್ಲಿಂದಾದ್ರೂ ಬರತ್ತೆ.”

“ಎಲ್ಲಿಂದಲೋ ಬರ್ಲಿಲ್ಲ ಕಣೋ. ನಾನೇ ಹೊತ್ಕೊಂಡು ಬಂದೆ.”

ಎಲ್ಲವನ್ನೂ ಹಿತ್ತಲಲ್ಲಿ ರಾಶಿ ಹಾಕಿ ಅವಳೇ ಕಡ್ಡಿ ಗೀರಿದಳು. ಹಳೆಯ ಕಾಗದ, ಊದುವ ಮುಂಚೆಯೇ ಹತ್ತಿಕೊಂಡಿತು.

ಆಮೇಲೆ ಅವಳು ಓದಲಿಲ್ಲ. ತಮ್ಮ ಎಂದಾದರೂ ಹೊಸ ಪುಸ್ತಕ ಹಿಡಿದು ಬಂದರೆ, “ಒಳಗೆ ತರಬೇಡ,” ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು.